ಹಾಯಿ ಇಳಿಸಿದೆಯಾ?

ಆ ಊರಿಗೆ ಹೆಸರೊಂದಿದೆ. ನಾನು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಒಬ್ಬಿಬ್ಬರು ಬೇಡ ಅಂದರೂ ಹೊರಟು ನಿಲ್ಲುತ್ತೀರಿ, ಆಮೇಲೆ ನಿಮ್ಮ ಮನೆಯವರು ಬಂದು ನನ್ನ ಜುಟ್ಟು ಹಿಡಿಯುತ್ತಾರೆ. ಇಷ್ಟು ತಿಳಿದರೆ ಸಾಕು: ಅದು ಕಡಲದಂಡೆಯ ಊರು, ಅಲ್ಲಿಗೆ ನೆಲದ ದಾರಿ ಇಲ್ಲ, ನೀರಿನ ದಾರಿಯಲ್ಲಿ ಬೇಕೆಂದು ಹೋದವರು ಕಡಿಮೆ. ನಾನೂ ಬೇಕೆಂದು ಹೋದವನಲ್ಲ. ಗಾಳಿ ತಳ್ಳಿತು, ಕುಡಿಯುವ ನೀರು ಮುಗಿದಿತ್ತು, ದಂಡೆ ಕಂಡಿತು, ಚುಕ್ಕಾಣಿ ತಿರುಗಿಸಿದೆ.

ನನ್ನದು ಸಣ್ಣ ಮಚ್ವೆ ದೋಣಿ. ನಡುವೆ ನೆಟ್ಟ ಕೂವೆಮರ ಒಂದೇ, ಹಾಯಿ ಒಂದೇ. ಜೊತೆಗಾರನೊಬ್ಬನಿದ್ದ, ಹಿಂದಿನ ಬಂದರಿನಲ್ಲಿ ಹೊಟ್ಟೆನೋವು ಅಂತ ಇಳಿದವನು ಮತ್ತೆ ಹತ್ತಲಿಲ್ಲ. ಆ ಹೊಟ್ಟೆನೋವಿನ ಹೆಸರೇನು ಅಂತ ಅಲ್ಲಿಯ ಗಂಜಿ ಅಂಗಡಿಯವಳನ್ನು ಕೇಳಬೇಕು. ಹಾಗಾಗಿ ಒಬ್ಬನೇ ಇದ್ದೆ. ಹಾಯಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅದನ್ನು ಕತ್ತರಿಸಿದ್ದು ನಾನೇ, ಹೊಲಿದದ್ದು ನಾನೇ, ಮರದ ತೊಗಟೆ ಕುದಿಸಿ, ಆ ಕಷಾಯದಲ್ಲಿ ಅದ್ದಿ ಅದ್ದಿ ಕೆಂಪು ಮಾಡಿದ್ದೂ ನಾನೇ. ಬಂದರಿನ ಜನ ನನಗೆ ಏನಂದರೂ ಸೈರಿಸಿಕೊಂಡೇನು. ಹಾಯಿಗೆ ಹೆಸರಿಟ್ಟರೆ ಮಾತ್ರ ಆ ದಿನ ನನಗೆ ಊಟ ಸೇರುವುದಿಲ್ಲ.

ಬೆಳಿಗ್ಗೆ, ಬಿಸಿಲು ಏರುವ ಮೊದಲು, ದೋಣಿ ಕಟ್ಟುವ ದಕ್ಕೆಯ ಹತ್ತಿರ ಬಂದೆ. ಅಡ್ಡಮರಕ್ಕೆ ಹಾಯಿ ಸುತ್ತಿ ಕಟ್ಟಿ ಮೇಲೆಯೇ ಬಿಟ್ಟೆ. ದಕ್ಕೆಯ ಮೇಲೆ ಊರಿಗೆ ಊರೇ ನಿಂತಿತ್ತು. ಗಂಡಸರು, ಹೆಂಗಸರು, ಎಲ್ಲರೂ ಎದೆಯ ಮೇಲೆ ಕೈ ಕಟ್ಟಿಕೊಂಡಿದ್ದರು. ಹಗ್ಗ ಎಸೆದೆ. ಯಾರೂ ಹಿಡಿಯಲಿಲ್ಲ. ಹಗ್ಗ ನೀರಿಗೆ ಬಿತ್ತು. ಎಳೆದುಕೊಂಡು ಇನ್ನೊಮ್ಮೆ ಎಸೆದೆ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಹಗ್ಗ ಮತ್ತೆ ನೀರಿಗೆ ಬಿತ್ತು.

"ಏನ್ರಯ್ಯಾ, ಊರಿಗೆಲ್ಲ ಕೈಗೆ ಲಕ್ವ ಹೊಡೆದಿದೆಯಾ?" ಅಂತ ಕೂಗಿದೆ. ನನ್ನ ಬಾಯಿ ಹಾಗೆ, ತೊಳೆದರೂ ಹೋಗುವುದಿಲ್ಲ.

ಜನ ದಾರಿ ಬಿಟ್ಟರು. ಅವರ ನಡುವಿನಿಂದ ಕೋಲು ಹಿಡಿದ ಒಬ್ಬ ಯಜಮಾನ ಬಂದ. ದಕ್ಕೆಯನ್ನು ನೋಡಿಕೊಳ್ಳುವವನು ಅವನೇ ಅಂತ ಅವನ ನಡಿಗೆಯೇ ಹೇಳುತ್ತಿತ್ತು. ಅವನು ಹಗ್ಗವನ್ನು ಕೈಯಿಂದ ಮುಟ್ಟಲಿಲ್ಲ. ಕೋಲಿನ ತುದಿಯಿಂದ ಎತ್ತಿ, ಕೋಲಿನಿಂದಲೇ ಕಲ್ಲುಕಂಬಕ್ಕೆ ಸುತ್ತಿದ. ಆಮೇಲೆ ಕೇಳಿದ:

"ಹಾಯಿ ಇಳಿಸಿದೆಯಾ?"

"ಕಣ್ಣು ಕಾಣೋದಿಲ್ವಾ ಯಜಮಾನರೇ? ಸುತ್ತಿ ಕಟ್ಟಿದ್ದೇನೆ. ಇಳಿಸಿಲ್ಲ."

"ಸರಿ. ಊರು ನೋಡಿಕೊಂಡು ಬಾ. ಹಸಿವಾಗಿರುತ್ತೆ, ಯಾವ ಮನೆಗೆ ಹೋದರೂ ಅನ್ನ ಹಾಕ್ತಾರೆ."

ಊರೊಳಗೆ ಹೋದೆ. ಚೊಕ್ಕ ಊರು. ಬೀದಿಗಳು ಗುಡಿಸಿದ್ದವು, ಗೋಡೆಗಳು ಸುಣ್ಣ ಕಂಡಿದ್ದವು, ಪ್ರತಿ ಮನೆಗೂ ಜಗಲಿ, ಪ್ರತಿ ಜಗಲಿಯಲ್ಲೂ ಮುದುಕರು. ಎಂಥ ಮುದುಕರು ಅಂತೀರಿ! ನಮ್ಮಲ್ಲಿ ಅಜ್ಜ ಅನ್ನಿಸಿಕೊಳ್ಳುವವರು ಅಲ್ಲಿ ನೀರು ಹೊರುತ್ತಿದ್ದರು. ಅವರಿಗೆ ಅಪ್ಪಂದಿರಿದ್ದರು, ಆ ಅಪ್ಪಂದಿರಿಗೆ ತಾಯಂದಿರಿದ್ದರು, ಎಲ್ಲರೂ ಜಗಲಿಯ ಮೇಲೆ ಸಾಲಾಗಿ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಇನ್ನೊಂದು ವಿಚಿತ್ರ. ಊರಿನಲ್ಲಿ ಯಾರ ಬಟ್ಟೆಯೂ ಪೂರಾ ಇರಲಿಲ್ಲ. ಸೀರೆಯ ಸೆರಗಿನಲ್ಲಿ ಒಂದು ಚೌಕ ಇಲ್ಲ, ಪಂಚೆಯ ಅಂಚಿನಲ್ಲಿ ಒಂದು ಚೌಕ ಇಲ್ಲ. ಅಂಗಿಯ ಬೆನ್ನಿನಲ್ಲಿ ಚೌಕ ಕತ್ತರಿಸಿ ಬೇರೆ ಬಣ್ಣದ ತೇಪೆ ಹಾಕಿತ್ತು. ಊರಿಗೆಲ್ಲ ಇಲಿಕಾಟ ಇರಬೇಕು, ಇಲಿಗಳೂ ಅಳತೆ ಹಿಡಿದು ಕಡಿಯುತ್ತವೆ ಅಂದುಕೊಂಡೆ.

ಮೊದಲ ಮನೆಯವಳು ಗಂಜಿ ಕೊಟ್ಟಳು, ಉಪ್ಪಿನಕಾಯಿ ಕೊಟ್ಟಳು. "ಹಾಯಿ ಇಳಿಸಿದೆಯಾ?" ಅಂದಳು. ಇಲ್ಲ ಅಂದೆ. "ಸದ್ಯ!" ಅಂತ ಇನ್ನೊಂದು ಸೌಟು ಗಂಜಿ ಹಾಕಿದಳು.

ಎರಡನೆಯ ಮನೆಯ ಜಗಲಿಯಲ್ಲಿ ಒಬ್ಬ ಮುದುಕ ಗೋಡೆಗೆ ಒರಗಿ ಕೆಮ್ಮುತ್ತಿದ್ದ. ಕೆಮ್ಮು ಅಂದರೆ ಪಕ್ಕೆಲುಬು ಎಣಿಸುವಂಥ ಕೆಮ್ಮು. ಅವನೂ ಉಸಿರು ಸಿಕ್ಕಾಗ ಕೇಳಿದ್ದು ಅದನ್ನೇ: "ಹಾಯಿ ಇಳಿಸಿದೆಯಾ?" ಇಲ್ಲ ಅಂದೆ. ಅವನು ಕಣ್ಣು ಮುಚ್ಚಿ, "ಇಳಿಸಬಹುದಿತ್ತಲ್ಲಪ್ಪಾ," ಅಂದ.

ಮುಂದಿನ ಜಗಲಿಯಲ್ಲಿ ಇಬ್ಬರು ಚೆನ್ನೆಮಣೆ ಆಡುತ್ತಿದ್ದರು. ಒಬ್ಬ ತಲೆ ಎತ್ತದೆ ಕೇಳಿದ, "ಹಾಯಿ ಇಳಿಸಿದೆಯಾ?" ಇಲ್ಲ ಅಂದೆ. "ಸದ್ಯ, ಆಟ ಇನ್ನೂ ಮುಗಿದಿಲ್ಲ ಮಾರಾಯ, ಗೆಲ್ತಾ ಇದ್ದೀನಿ," ಅಂದ. ಎದುರಿಗಿದ್ದವನು, "ಇವನಪ್ಪನ ಕಾಲದಿಂದ ಇದನ್ನೇ ಹೇಳ್ತಾ ಇದ್ದಾನೆ, ಆಟ ಎಲ್ಲಿ ಮುಗಿಯುತ್ತೆ," ಅಂದ.

ಹೀಗೆ ಬೀದಿಯುದ್ದಕ್ಕೂ. ಅನ್ನ ಕೊಟ್ಟರು, ನೀರು ಕೊಟ್ಟರು, ಕೂರಲು ಮಣೆ ಕೊಟ್ಟರು, ಎಲ್ಲರೂ ಕೇಳಿದ್ದು ಒಂದೇ ಮಾತು. ಇಲ್ಲ ಅಂದಾಗ ಕೆಲವರು ನಗುತ್ತಿದ್ದರು, ಕೆಲವರು ನಿಟ್ಟುಸಿರು ಬಿಡುತ್ತಿದ್ದರು. ನನಗೆ ರೇಗಿತು. ಮೀನು ತಂದೆಯಾ, ಬೆಲ್ಲ ತಂದೆಯಾ, ಯಾವ ಊರಿನವನು, ಹೆಂಡತಿ ಮಕ್ಕಳಿದ್ದಾರಾ, ಯಾರಿಗೂ ಬೇಡ. ದಾಪುಗಾಲು ಹಾಕಿ ದಕ್ಕೆಗೆ ವಾಪಸ್ ಬಂದೆ. ಯಜಮಾನ ಕಲ್ಲುಕಂಬದ ನೆರಳಲ್ಲಿ ಕೂತಿದ್ದ.

"ಏನಿದು ನಿಮ್ಮ ರಾಮಾಯಣ? ನನ್ನ ಹಾಯಿ ಇಳಿದರೆಷ್ಟು, ಏರಿದರೆಷ್ಟು? ಬಿಡಿಸಿ ಹೇಳಿ," ಅಂದೆ.

ಅವನು ಬಿಡಿಸಿ ಹೇಳಿದ. ಮಳೆ ಯಾವಾಗ ಬರುತ್ತೆ ಅಂತ ಹೇಳುವವನ ಧ್ವನಿಯಲ್ಲಿ ಹೇಳಿದ.

"ನಮ್ಮೂರಲ್ಲಿ ಹಾಯಿ ಹೊದೆಯದೆ ಯಾರೂ ಸಾಯೋದಿಲ್ಲ. ನಾವು ಹಾಯಿ ಮಾಡಿಕೊಳ್ಳೋ ಹಾಗಿಲ್ಲ, ದೋಣಿ ಕಟ್ಟೋ ಹಾಗಿಲ್ಲ. ಹೊರಗಿನಿಂದ ಬಂದದ್ದೇ ಆಗಬೇಕು. ಬಂದ ಹಾಯಿ ಈ ದಕ್ಕೆಯಲ್ಲಿ ಇಳಿದರೆ ಊರಿನಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರದ್ದು. ಅವರು ಹೊದ್ದು ಹೋಗ್ತಾರೆ. ಇಳಿಯದೆ ಹೋದರೆ, ದೋಣಿ ಬಂದೇ ಇಲ್ಲ ಅಂತ ಲೆಕ್ಕ."

"ಜ್ವರ ಬಂದರೆ?"

"ಜ್ವರ ಇರುತ್ತೆ. ಅವರೂ ಇರ್ತಾರೆ."

"ಮರದ ಮೇಲಿಂದ ಬಿದ್ದರೆ?"

"ಮುರಿದದ್ದು ಮುರಿದೇ ಇರುತ್ತೆ. ಅವರೂ ಇರ್ತಾರೆ."

ಕೆಮ್ಮುತ್ತಿದ್ದ ಮುದುಕ ನೆನಪಾದ. ಆದರೂ ನನ್ನ ಬುದ್ಧಿ ಮೊದಲು ಹೋದದ್ದು ನನ್ನ ಸೊತ್ತಿನ ಕಡೆಗೇ. "ಹಾಯಿ ನೀವಿಟ್ಟುಕೊಂಡರೆ ನಾನು ಊರಿಗೆ ಹೇಗೆ ಹೋಗಲಿ? ಈಜಿಕೊಂಡೇ?"

"ಮನೆಗೊಂದು ತುಂಡು ಬಟ್ಟೆ ಕೊಡ್ತೇವೆ. ಸೇರಿಸಿ ಹೊಲಿದು ಹೊಸ ಹಾಯಿ ಮಾಡ್ತೇವೆ. ಇಳಿಸಿದ ಹಾಯಿಯಲ್ಲಿ ಯಾರೂ ವಾಪಸ್ ಹೋಗೋದಿಲ್ಲ, ಹಾಯಿ ಇಲ್ಲದೆಯೂ ಯಾರೂ ಹೋಗೋದಿಲ್ಲ." ಅವನ ಪಂಚೆಯ ಅಂಚಿನಲ್ಲೂ ಒಂದು ಚೌಕ ಇರಲಿಲ್ಲ. ಇಲಿಗಳನ್ನು ಸುಮ್ಮನೆ ಬೈದೆನಲ್ಲ ಅನ್ನಿಸಿತು.

"ಹಾಗಿದ್ದರೆ ಇಳಿಸು ಅಂತ ನೀವೇ ಹೇಳಬಾರದಾ? ಅಥವಾ ಬೇಡ ಅಂತ ಹೇಳಬಾರದಾ?"

"ಇಳಿಸೋ ಕೈ ದೋಣಿಯವನದ್ದು. ನಾವು ಕೇಳಬಹುದು, ಹೇಳೋ ಹಾಗಿಲ್ಲ."

ಈಗ ಎಲ್ಲರಿಗಿಂತ ಹಿರಿಯರು ಯಾರು ಅಂತ ಕೇಳಿದೆ. ಯಜಮಾನ ಕೋಲಿನಿಂದ ಬೀದಿಯ ಕೊನೆಯ ಮನೆಯನ್ನು ತೋರಿಸಿದ. ಅಲ್ಲೊಬ್ಬಳು ಮುದುಕಿ. ಊರಿನ ಜಗಲಿಗಳ ಮೇಲಿರುವ ಅಷ್ಟೂ ಜನಕ್ಕಿಂತ ಹಿರಿಯಳು. ಬಂದ ಹಾಯಿಗಳನ್ನೆಲ್ಲ ಇಳಿಸುವ ಮೊದಲೇ ಬಂದು ನೋಡುತ್ತಾಳಂತೆ. ಇದು ಒರಟು, ಅದು ತೆಳು, ಇದಕ್ಕೆ ಮೀನಿನ ವಾಸನೆ, ಅದಕ್ಕೆ ಗುಬ್ಬಿ ಹೇತಿದೆ, ಅಂತ ಐಬು ಹೇಳಿ ಬೇಡ ಅನ್ನುತ್ತಾಳಂತೆ. ಹಾಗೆ ಹೇಳುವ ಹಕ್ಕು ಹಿರಿಯರೊಬ್ಬರಿಗೆ ಮಾತ್ರ, ಬೇಡ ಅಂದಮೇಲೆ ದೋಣಿಯವನು ಹೊರಡುತ್ತಾನೆ. ಅವಳನ್ನು ದಾಟಿ ಇನ್ನೊಬ್ಬರಿಗೆ ಹಾಯಿ ಕೊಡುವ ಹಾಗಿಲ್ಲ. ಕೆಮ್ಮುವ ಮುದುಕ ಅವಳ ಹಿಂದಿನವನು.

"ಇಳಿದ ಮೇಲೆ ಬೇಡ ಅಂದರೆ?"

"ಇಳಿದ ಮೇಲೆ ಬೇಡ ಅನ್ನೋ ಹಾಗಿಲ್ಲ. ಅವಳೂ ಅನ್ನೋ ಹಾಗಿಲ್ಲ."

ನಾನು ದೋಣಿಗೆ ಹೋಗಿ ಕೂತೆ. ನೀರು ತುಂಬಿಸಿಕೊಂಡು ಹೊರಟುಬಿಡುವುದೇ ಸರಿ ಅಂತ ತೀರ್ಮಾನ ಮಾಡಿದೆ. ಕಂಡ ಊರಿನ ಸಾವಿಗೆ ನನ್ನ ಹಾಯಿ ಯಾಕೆ? ಆಗ ಒಬ್ಬಳು ಹೆಂಗಸು ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ಬಂದಳು. ಕೂದಲೆಲ್ಲ ಬೆಳ್ಳಗಾಗಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ನಾನು ಕೇಳದೆಯೇ ದೋಣಿಯ ಹಂಡೆಗೆ ನೀರು ಸುರಿದಳು. ಹೋದಳು, ತುಂಬಿಕೊಂಡು ಬಂದಳು, ಸುರಿದಳು. ಹಂಡೆ ಬಾಯಿಮಟ್ಟ ತುಂಬಿತು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು:

"ನೀರಾಯ್ತು. ಈಗಲೇ ಹೊರಡು ತಮ್ಮ."

"ನೀವು ಯಾರಕ್ಕಾ?"

"ಆ ಕೊನೇ ಮನೆ ಮುದುಕಿ ಇದ್ದಾಳಲ್ಲ, ಅವಳ ಮಗಳು."

ಹೇಳುವ ಹಾಗಿಲ್ಲ ಅಂತ ಯಜಮಾನ ಹೇಳಿದ್ದನಲ್ಲ, ನೀವು ಹೇಳಿಯೇಬಿಟ್ಟಿರಲ್ಲ ಅಂದೆ. "ನಾನು ಹಾಯಿ ವಿಷಯ ಎತ್ತಿದೆನಾ? ಹೊರಡು ಅಂದೆ ಅಷ್ಟೇ," ಅಂದಳು. ಚುರುಕು ಹೆಂಗಸು.

"ತಾಯಿ ಅಂದರೆ ಅಷ್ಟು ಪ್ರೀತಿಯಾ?"

"ಪ್ರೀತಿ! ಬೆಂಕಿ ಹಾಕು. ಬೆಳಿಗ್ಗೆ ಎದ್ದರೆ ನಾನು ಅಂಗಳ ಗುಡಿಸಿದ್ದು ಸರಿ ಇಲ್ಲ. ಸಾರಿಗೆ ಹುಳಿ ಹೆಚ್ಚು. ತಲೆ ಬಾಚಿದ್ದು ಸೊಟ್ಟ. ನನ್ನ ನೋಡೋಕೆ ಬಂದ ಗಂಡುಗಳಿಗೆಲ್ಲ ಐಬು ಹೇಳಿ ಕಳಿಸಿದಳು, ಒಬ್ಬ ಕುಳ್ಳ, ಒಬ್ಬ ಪೆದ್ದ, ಇನ್ನೊಬ್ಬ ಬಾಯಿ ಬಿಟ್ಟುಕೊಂಡು ನಗ್ತಾನೆ. ನಾನು ಹೀಗೇ ಮುದುಕಿ ಆದೆ. ಒಂದು ದಿನ ಜಗಳ ಇಲ್ಲದೆ ದೀಪ ಹಚ್ಚಿದ್ದಿಲ್ಲ."

"ಮತ್ತೆ ಹೋಗಲಿ ಬಿಡಿ!"

ಅವಳು ಖಾಲಿ ಕೊಡವನ್ನು ಸೊಂಟಕ್ಕೇರಿಸಿದಳು. "ಅವಳು ಹೋದರೆ ನಾನು ಯಾರ ಹತ್ತಿರ ಜಗಳ ಆಡಲಿ?" ಅಂದಳು. ನನಗೆ ಪಾಪ ಅನ್ನಿಸಿತು, ನಿಜವಾಗಿ ಅನ್ನಿಸಿತು. ಆಯ್ತಕ್ಕಾ, ಹೊರಟೆ ಅಂದೆ.

ಹಗ್ಗ ಬಿಚ್ಚಲು ದಕ್ಕೆ ಹತ್ತಿದೆ. ಅಷ್ಟರಲ್ಲಿ ಬೀದಿಯ ತುದಿಯಿಂದ ಬೈಗುಳ ಕೇಳಿಸಿತು. ಮೊದಲು ಬೈಗುಳ ಬಂತು, ಆಮೇಲೆ ಮುದುಕಿ ಬಂದಳು. ಒಣಗಿದ ಶುಂಠಿಯಷ್ಟೇ ಇದ್ದಳು. ಕೋಲು ಊರುತ್ತಾ, ಬೀದಿಯ ಕಲ್ಲಿಗೆ ಬೈಯುತ್ತಾ, ಹಿಡಿದುಕೊಳ್ಳಲು ಬಂದವರಿಗೆ ಬೈಯುತ್ತಾ, ತಾನೇ ನಡೆದು ಬಂದು ಕಲ್ಲುಕಂಬದ ಪಕ್ಕ ಕೂತಳು. ಹಿಂದೆ ಊರೇ ಬಂದು ನಿಂತಿತು. ಮಗಳು ಕೊಡವನ್ನು ತಬ್ಬಿಕೊಂಡು ಒಂದು ಬದಿಗೆ ನಿಂತಳು.

"ಎಲ್ಲಿ, ಬಿಚ್ಚು ನೋಡೋಣ," ಅಂದಳು ಮುದುಕಿ.

ತೋರಿಸುವುದರಲ್ಲಿ ತಪ್ಪೇನು? ಬೇಡ ಅಂತಾಳೆ, ಹೊರಡುತ್ತೇನೆ. ದೋಣಿಗಿಳಿದು ಕಟ್ಟು ಬಿಚ್ಚಿದೆ. ಹಾಯಿ ಅಡ್ಡಮರದಿಂದ ಬಿಚ್ಚಿಕೊಂಡು ಜೋತಾಡಿತು. ಮಧ್ಯಾಹ್ನದ ಬಿಸಿಲಿಗೆ ಅದರ ಕೆಂಪು ನೋಡಬೇಕಿತ್ತು ನೀವು! ಊರವರ ಬಾಯಿಂದ ಹಾ ಅಂತ ಬಂತು. ನನ್ನ ಎದೆ ಉಬ್ಬಿತು.

"ಇದೆಂಥ ಬಣ್ಣವೋ?" ಅಂದಳು ಮುದುಕಿ. "ರಾಗಿ ಅಂಬಲಿ ಚೆಲ್ಲಿಕೊಂಡ ಹಾಗಿದೆ."

"ಅಜ್ಜೀ, ತೊಗಟೆ ಬಣ್ಣ ಅದು. ಉಪ್ಪುನೀರಿಗೆ ಹೋಗೋದಿಲ್ಲ, ಬಿಸಿಲಿಗೆ ಹೋಗೋದಿಲ್ಲ."

"ನನಗೆ ಅಲ್ಲಿ ಬಿಸಿಲು ಎಲ್ಲಿ ಬರುತ್ತೆ? ಬಟ್ಟೆ ಗೋಣಿಚೀಲದ ಹಾಗಿದೆ."

"ಗೋಣಿಚೀಲ! ಎರಡೆಳೆ ನೇಯ್ದ ಹತ್ತಿ ಅಜ್ಜೀ ಅದು! ನಿಮ್ಮ ಊರಿನ ಅಷ್ಟೂ ಬಟ್ಟೆ ಒಟ್ಟು ಸೇರಿಸಿದರೂ ಇದರ ಒಂದು ಮೂಲೆಗೆ ಸಮ ಬರೋದಿಲ್ಲ."

"ಬಟ್ಟೆ ಹೋಗಲಿ. ಹೊಲಿಗೆ ನೋಡು, ಕುರಿ ಮೇಯ್ದ ಹುಲ್ಲಿನ ಹಾಗೆ, ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಯಾವ ಕುರುಡ ಹೊಲಿದದ್ದೋ!"

ಬಣ್ಣಕ್ಕೆ ಅಂದಳು, ತಡೆದುಕೊಂಡೆ. ಬಟ್ಟೆಗೆ ಅಂದಳು, ತಡೆದುಕೊಂಡೆ. ಹೊಲಿಗೆಗೆ ಅಂದಾಗ ಸಿಟ್ಟು ನನ್ನ ನೆತ್ತಿಗೆ ಏರಿತು. "ಕುರುಡನಾ? ನಾನು ಹೊಲಿದದ್ದು! ಅಷ್ಟು ದೂರದಿಂದ ನಿಮಗೆ ಏನು ಕಾಣುತ್ತೆ? ಹತ್ತಿರದಿಂದ ನೋಡಿ, ಕಣ್ಣಿಟ್ಟು ನೋಡಿ, ಒಂದೇ ಒಂದು ಹೊಲಿಗೆ ತಪ್ಪಿದೆಯಾ ತೋರಿಸಿ!" ಅಂತ ಕೂಗುತ್ತಾ ಹಗ್ಗ ಸಡಿಲಿಸಿದೆ. ಅಡ್ಡಮರ ಕರಕರ ಅಂತ ಕೆಳಗೆ ಬಂತು. ಹಾಯಿಯ ಅಂಚು ಹಿಡಿದೆಳೆದು, ದಕ್ಕೆಯ ಮೇಲೆ, ಅವಳ ತೊಡೆಯ ಮೇಲೆ ಹರಡಿದೆ.

ಯಾರೂ ಕೆಮ್ಮಲಿಲ್ಲ, ಕೆಮ್ಮುವ ಮುದುಕ ಕೂಡ.

ಆಗ ನನಗೆ ಹೊಳೆಯಿತು. ಅಯ್ಯೋ ಶನಿಯೇ ಅಂತ ಅಂಚು ಹಿಡಿದೆಳೆದೆ. ಮುದುಕಿಯ ಬೆರಳುಗಳು ಆಗಲೇ ಬಟ್ಟೆಯನ್ನು ಹಿಡಿದುಕೊಂಡಿದ್ದವು. ಅವಳು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು, ಈ ತುದಿಯಿಂದ ಆ ತುದಿಗೆ, ನಿಧಾನವಾಗಿ.

"ಪರವಾಗಿಲ್ಲ, ಚೆನ್ನಾಗೇ ಹೊಲಿದಿದ್ದೀಯ," ಅಂದಳು.

ಅವಳು ನಿಜವಾಗಿ ಐಬು ಕಂಡು ಹೇಳಿದಳೋ, ನನ್ನ ಜಾತಕ ಮುಖದಲ್ಲೇ ಓದಿ ಬಲೆ ಬೀಸಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಿದೆ. "ಬೈಯೋದಕ್ಕೂ ತ್ರಾಣ ಬೇಕಲ್ಲ ಮಗಾ. ಸಾಕಾಯ್ತು," ಅಂದಳು. ಅಷ್ಟೇ.

ಮಗಳು ಕೊಡ ಬಿಸಾಡಿ ನನ್ನ ಮೇಲೆ ಬಂದಳು. "ಹೋಗು ಅಂದೆನಲ್ಲೋ! ನೀರು ತಂದು ಸುರಿದೆನಲ್ಲೋ! ನಿನ್ನ ಹೊಲಿಗೆ ಚೆನ್ನಾಗಿದೆ ಅಂತ ಯಾರಿಗೆ ತೋರಿಸಬೇಕಿತ್ತೋ?" ಅಂದಳು. ತಲೆ ತಗ್ಗಿಸಿ ನಿಂತೆ.

"ಅವನ ಹತ್ತಿರ ಏನೇ ಕೂಗಾಡ್ತೀಯಾ, ಇಲ್ಲಿ ಬಾ," ಅಂದಳು ಮುದುಕಿ. "ಇಲ್ಲಿ ಮೂಲೆಯಲ್ಲಿ ಹರಿದಿದೆ. ಹರಿದದ್ದು ಹೊದ್ದು ನಾನು ಹೋಗೋದಿಲ್ಲ. ಹೊಲಿ."

ನಿಜ, ಒಂದು ಮೂಲೆ ಹರಿದಿತ್ತು. ನನ್ನನ್ನು ಅಲ್ಲಿಗೆ ತಳ್ಳಿದ ಗಾಳಿಯ ಕೆಲಸ ಅದು. ಹೊಲಿಯಬೇಕಾದವರು ಹೊಟ್ಟೆಯಲ್ಲಿ ಹುಟ್ಟಿದವರೇ, ಅದು ಅಲ್ಲಿಯ ಕಟ್ಟಳೆ. ಯಜಮಾನ ಸೂಜಿ ತಂದ. ಇನ್ಯಾರೋ ದಾರ ತಂದರು. ಮಗಳು ತಾಯಿಯ ಎದುರು ಕೂತು, ಹಾಯಿಯ ಮೂಲೆಯನ್ನು ಮಡಿಲಲ್ಲಿಟ್ಟುಕೊಂಡು ಹೊಲಿಯತೊಡಗಿದಳು. ಹಾಯಿಯ ಉಳಿದದ್ದು ತಾಯಿಯ ಮಡಿಲಲ್ಲಿತ್ತು. ಜನ ಸುತ್ತ ನಿಂತರು.

"ಹೊಲಿಗೆ ಉದ್ದ ಆಯ್ತು. ಬಿಚ್ಚು," ಅಂದಳು ತಾಯಿ.

ಮಗಳು ಬಿಚ್ಚಿದಳು. ಮತ್ತೆ ಹೊಲಿದಳು.

"ದಾರ ಬಿಗಿ ಆಯ್ತು, ಬಟ್ಟೆ ಸುಕ್ಕು ಬಂತು. ಕೈಯೋ ಒನಕೆಯೋ ನಿಂದು? ಬಿಚ್ಚು."

ಬಿಚ್ಚಿದಳು. ಮತ್ತೆ ಹೊಲಿದಳು.

"ಗಂಟು ಮೇಲೆ ಕಾಣುತ್ತೆ. ಯಾರು ಕಲಿಸಿದರೇ ನಿನಗೆ?"

"ನೀನೇ ಕಲಿಸಿದ್ದು!"

"ನಾನು ಹೀಗೆ ಕಲಿಸಿಲ್ಲ. ಬಿಚ್ಚು."

ಬಿಸಿಲು ಇಳಿಯುತ್ತಾ ಬಂತು. ಜನ ಕಾಲು ಬದಲಾಯಿಸಿ ಬದಲಾಯಿಸಿ ನಿಂತರು, ಆಮೇಲೆ ಕೂತರು. ಯಾರೂ ಬೇಗ ಅನ್ನಲಿಲ್ಲ. ಸೂಜಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಹೊಲಿಗೆ ಹಾಕಿದಷ್ಟೂ ಬಿಚ್ಚಿಕೊಳ್ಳುತ್ತಿತ್ತು. ಮಗಳು ಬೇಕೆಂದೇ ತಪ್ಪು ಹೊಲಿಯುತ್ತಿದ್ದಳು. ನಾನು ಹೊಲಿಗೆ ಬಲ್ಲವನು, ನನಗೆ ಗೊತ್ತಾಗದೇ? ಅವಳ ಕೈ ಪಳಗಿದ ಕೈ. ತಪ್ಪು ಮಾಡಲು ಆ ಕೈ ಒದ್ದಾಡುತ್ತಿತ್ತು. ತಾಯಿಗೂ ಗೊತ್ತಿತ್ತು. ಗೊತ್ತಿದ್ದೇ ಬಿಚ್ಚು ಅನ್ನುತ್ತಿದ್ದಳು. ಇಬ್ಬರೂ ಜಗಳದ ನೆಪದಲ್ಲಿ ಆ ಮಧ್ಯಾಹ್ನವನ್ನು ಎಳೆದೆಳೆದು ಉದ್ದ ಮಾಡುತ್ತಿದ್ದರು.

ಸೂರ್ಯ ನೀರು ಮುಟ್ಟುವ ಹೊತ್ತಿಗೆ ಹರಿದ ಮೂಲೆ ಮತ್ತೊಮ್ಮೆ ಮುಚ್ಚಿತು. ಕೊನೆಯ ಹೊಲಿಗೆ ಹಾಕಿ ಮಗಳು ಕಾದಳು. ತಾಯಿ ಏನೂ ಅನ್ನಲಿಲ್ಲ. ಮಗಳು ಇನ್ನೂ ಸ್ವಲ್ಪ ಕಾದಳು.

"ಇಲ್ಲಿ ಸೊಟ್ಟಗಿದೆ," ಅಂದಳು ಮಗಳೇ. "ನೋಡು, ಇಲ್ಲಿ. ಬಿಚ್ತೀನಿ."

"ಸೊಟ್ಟಗಿದ್ದರೆ ಇರಲಿ ಬಿಡು."

ಮಗಳು ಸೂಜಿ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ ತಾಯಿಯ ಮುಖ ನೋಡಿದಳು. ಹುಟ್ಟಿದಂದಿನಿಂದ ಆ ಬಾಯಲ್ಲಿ ಆ ಮಾತು ಅವಳು ಕೇಳಿರಲಿಲ್ಲ. "ಇರಲಿ ಅಂದರೆ? ಸೊಟ್ಟಗಿದೆ ಅವ್ವಾ! ಸೊಟ್ಟಗಿದೆ ಅಂತಿದ್ದೀನಿ, ಬಯ್ಯಿ!" ಅಂತ ಕಿರುಚಿದಳು. ಕಣ್ಣೀರು ದಳದಳ ಇಳಿಯುತ್ತಿತ್ತು.

"ಇರಲಿ ಕಣೇ. ಎಳೆ ಕಡಿ."

ಮಗಳು ಬಗ್ಗಿದಳು. ಹಲ್ಲಿನಿಂದ ದಾರ ಕಡಿದಳು. ಆಮೇಲೆ ಎದ್ದು, ಹಾಯಿಯನ್ನು ಎತ್ತಿ, ತಾಯಿಯ ಹೆಗಲಿಗೆ ಹೊದಿಸಿದಳು. ಆ ದೊಡ್ಡ ಕೆಂಪು ಬಟ್ಟೆಯೊಳಗೆ ಮುದುಕಿ ಎಲ್ಲಿ ಹೋದಳೋ ಗೊತ್ತಾಗಲಿಲ್ಲ, ಮುಖ ಒಂದು ಹೊರಗಿತ್ತು.

"ಸರಿಯಾಗಿ ಹೊದ್ಕೋ, ಗಾಳಿ ಇದೆ," ಅಂದಳು ಮಗಳು.

"ನೀನು ಹೇಳಬೇಕಾ, ಗೊತ್ತಿದೆ ಬಿಡೇ," ಅಂದಳು ತಾಯಿ.

ಅಷ್ಟೇ ಆದದ್ದು. ಮುದುಕಿ ಮುಖವನ್ನೂ ಒಳಗೆಳೆದುಕೊಂಡಳು, ಬೆಳಗಿನ ಚಳಿಗೆ ನಾವೆಲ್ಲ ಕಂಬಳಿಯೊಳಗೆ ಎಳೆದುಕೊಳ್ಳುವ ಹಾಗೆ. ಸ್ವಲ್ಪ ಹೊತ್ತು ಬಟ್ಟೆ ಏರಿತು, ಇಳಿಯಿತು. ಆಮೇಲೆ ಏರಲಿಲ್ಲ. ಗಂಡಸರು ಬಂದು ಎತ್ತಿಕೊಂಡು ಹೋದರು. ಎಲ್ಲಿಗೆ ಅಂತ ನೋಡಲಿಲ್ಲ, ಹೊರಗಿನವರು ಹಿಂದೆ ಹೋಗಬಾರದಂತೆ. ಕೆಮ್ಮುವ ಮುದುಕ ಮಾತ್ರ ನನ್ನ ಹತ್ತಿರ ಬಂದು ಹೆಗಲು ತಟ್ಟಿ, "ದೊಡ್ಡ ಉಪಕಾರ ಆಯ್ತಪ್ಪಾ, ಇನ್ನು ನಾನೇ," ಅಂದ. ಮದುವೆ ಗೊತ್ತಾದವನ ಮುಖ ಅವನದು.

ಮಾರನೆಯ ದಿನ ಬೆಳಗಾಗುತ್ತಲೇ ಮನೆಮನೆಯಿಂದ ಬಟ್ಟೆಯ ತುಂಡು ಬಂತು. ಸೀರೆಯದು, ಪಂಚೆಯದು, ದಿಂಬಿನ ಚೀಲದ್ದು, ಚೆನ್ನೆಮಣೆಯವನ ರುಮಾಲಿನದ್ದು. ದಕ್ಕೆಯ ಮೇಲೆ ಹೆಂಗಸರು ಸಾಲಾಗಿ ಕೂತು ಜೋಡಿಸಿ ಹೊಲಿದರು. ನಾನೂ ಕೂತೆ. ಯಾರ ಹೊಲಿಗೆಗೂ ಹೆಸರಿಡಲಿಲ್ಲ. ಎಲ್ಲ ಮನೆಯದ್ದೂ ಬಂತು, ಕೊನೆಯ ಮನೆಯದ್ದು ಬರಲಿಲ್ಲ. ಆ ಒಂದು ಚೌಕದಷ್ಟು ಜಾಗ ಹಾಯಿಯಲ್ಲಿ ಖಾಲಿ ಇತ್ತು, ಅದರೊಳಗಿಂದ ಸಮುದ್ರ ಕಾಣುತ್ತಿತ್ತು. ಯಾರೂ ಹೋಗಿ ಕರೆಯಲಿಲ್ಲ. ಕಾದರು.

ಬಿಸಿಲೇರಿದ ಮೇಲೆ ಮಗಳು ಬಂದಳು. ತಾಯಿಯ ಸೀರೆ ಉಟ್ಟಿದ್ದಳು. ತನ್ನ ಸೀರೆಯ ಸೆರಗಿನಿಂದ ಒಂದು ಚೌಕ ಕತ್ತರಿಸಿ ತಂದಿದ್ದಳು. ತಾನೇ ಕೂತು ಹೊಲಿದಳು, ಈ ಸಲ ಒಂದೇ ಸಾರಿಗೆ, ನೆಟ್ಟಗೆ. ಹೊಲಿದು ಮುಗಿಸಿ ಎದ್ದು, ಹಾಯಿಯ ಸುತ್ತ ಒಂದು ಸುತ್ತು ಬಂದಳು. "ಇದು ಯಾರು ಹೊಲಿದದ್ದು? ಕೋಳಿ ಕೆದಕಿದ ಹಾಗಿದೆ. ಇಲ್ಲಿ ದಾರ ಜೋತಾಡ್ತಿದೆ, ಯಾರದಿದು?" ಅಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಾಯಿ ಮುಚ್ಚಿಕೊಂಡು ಆ ಹೊಲಿಗೆ ಬಿಚ್ಚಿ ಮತ್ತೆ ಹೊಲಿದರು.

ಹಾಯಿ ಏರಿಸಿದೆ. ಗಾಳಿ ಹಿಡಿಯಿತು. ಎಲ್ಲ ಬಣ್ಣದ, ಎಲ್ಲ ಮನೆಯ ಹಾಯಿ. ಯಜಮಾನ ಕೋಲಿನಿಂದ ಹಗ್ಗ ಬಿಡಿಸಿ ನೀರಿಗೆ ತಳ್ಳಿದ. ದಕ್ಕೆಯ ಮೇಲೆ ನಿಂತವರೆಲ್ಲ ಒಬ್ಬೊಬ್ಬರಾಗಿ ಹೇಳಿದರು:

"ಹೋಗು."

"ಹೋಗಪ್ಪಾ."

"ಹೋಗು."

ನನಗೆ ಮೈ ಉರಿಯಿತು. ನಮ್ಮ ಕಡೆ ಬರಿದೇ ಹೋಗು ಅಂತ ನಾಯಿಗೂ ಅನ್ನುವುದಿಲ್ಲ. ಮನೆ ಬಾಗಿಲಿಗೆ ಬಂದ ವೈರಿಗೂ ಹೋಗಿ ಬಾ ಅನ್ನುತ್ತೇವೆ. "ಹಾಯಿ ಕೊಟ್ಟವನಿಗೆ ಇದೇನಾ ಮರ್ಯಾದೆ?" ಅಂತ ಯಜಮಾನನನ್ನು ಕೇಳಿದೆ.

"ಬಾ ಅಂತ ಯಾರು ಅಂತಾರೆ ಹೇಳು? ನೀನು ಮತ್ತೆ ಬಂದರೆ ಇಲ್ಲಿಂದ ಯಾರೋ ಒಬ್ಬರು ಹೋಗಬೇಕು," ಅಂದ ಯಜಮಾನ. "ಬೇಸರ ಮಾಡಿಕೋಬೇಡ. ಹೋಗು."

ದೋಣಿ ದಕ್ಕೆಯಿಂದ ಒಂದು ಮಾರು ಸರಿದಿತ್ತು. ಮಗಳು ಜನರನ್ನು ಸರಿಸಿಕೊಂಡು ಅಂಚಿಗೆ ಬಂದಳು.

"ಹೋಗಿ ಬಾ," ಅಂದಳು.

ಅಷ್ಟು ಜನರ ನಡುವೆ ಅವಳೊಬ್ಬಳೇ ನಿಂತ ಹಾಗೆ ಕಾಣುತ್ತಿತ್ತು. ಹೋಗಿ ಬಾ ಅಂದವರಿಗೆ ಬರ್ತೇನೆ ಅನ್ನದೆ ಇರಲು ನನಗೆ ಬರುವುದಿಲ್ಲ. "ಬರ್ತೇನಕ್ಕಾ," ಅಂದೆ.

"ಅವಸರವೇನಿಲ್ಲ. ಇನ್ನೂ ತುಂಬ ಜನ ನನ್ನ ಮುಂದಿದ್ದಾರೆ," ಅಂದಳು. ದೋಣಿ ಇನ್ನೂ ದೂರ ಸರಿಯಿತು. ಅವಳು ಕೈಯನ್ನು ಬಾಯಿಯ ಹತ್ತಿರ ಇಟ್ಟುಕೊಂಡು ಕೂಗಿದಳು:

"ಬರೋವಾಗ ಹರಿದ ಹಾಯಿ ತರಬೇಡ ತಮ್ಮಾ. ನನಗೆ ಹೊಲಿದು ಕೊಡೋರು ಯಾರೂ ಇಲ್ಲ."

"ತರೋದಿಲ್ಲಕ್ಕಾ," ಅಂತ ನಾನೂ ಕೂಗಿದೆ.